ತಲೆಯ ಮೇಲೆ ಜುಟ್ಟಿದ್ದ ಅಕ್ಷರಗಳು

ಆ ಪುಸ್ತಕವನ್ನು ನೀನು ತಪ್ಪಿ ತೆಗೆದುಕೊಳ್ಳಲಿಲ್ಲ, ರತ್ನ. ನಾನು ಕೊಟ್ಟೆ. ಬೇಕೆಂದೇ, ಹುಡುಕಿ, ಪೆಟ್ಟಿಗೆಯ ತಳದಿಂದ ತೆಗೆದು ನಿನ್ನ ಕೈಗಿಟ್ಟೆ. ಇಷ್ಟು ಹೇಳುವುದಕ್ಕೆ ನನಗೆ ಇಷ್ಟು ವರ್ಷ ಬೇಕಾಯಿತು — ಈಗಲೂ ನಿನ್ನ ಮುಖ ನೋಡಿ ಹೇಳುತ್ತಿಲ್ಲ, ಕಾಗದದ ಮರೆಯಲ್ಲಿ ನಿಂತು ಹೇಳುತ್ತಿದ್ದೇನೆ. ಧೈರ್ಯ ಎನ್ನುವುದು ನನಗೆ ಯಾವತ್ತೂ ಇರಲಿಲ್ಲ; ಇದ್ದದ್ದು ಎಸ್.ಎಸ್.ಎಲ್.ಸಿ. ಮಾತ್ರ.

ಐವತ್ತರ ದಶಕದ ರಾಜಾಜಿನಗರ ನಿನಗೆ ನೆನಪಿರಲೇಬೇಕು. ಗುರುತಿನ ಕಲ್ಲು ನೆಟ್ಟ ಖಾಲಿ ಸೈಟುಗಳು, ಅಲ್ಲೊಂದು ಇಲ್ಲೊಂದು ಹೊಸ ಮನೆ, ಬೆಳಿಗ್ಗೆ ಕಾರ್ಖಾನೆಯ ಸೈರನ್ನು. ಪೇಟೆಯ ನೆಂಟರು ಬಂದರೆ “ಏನೇ ಇದು, ಕಾಡಿಗೆ ಬಂದು ಸೇರಿದ್ದೀರಿ” ಎಂದು ಅಮ್ಮನನ್ನು ರೇಗಿಸುತ್ತಿದ್ದರು. ನಮ್ಮ ಮನೆಯ ಹಿಂದಿನ ಎರಡು ಕೋಣೆಗೆ ನೀನು, ನಿನ್ನ ಗಂಡ ಬಸಣ್ಣ ಬಾಡಿಗೆಗೆ ಬಂದಿರಿ. ಬಸಣ್ಣ ಪೇಟೆಯ ಒಂದು ಅಚ್ಚುಕೂಟದಲ್ಲಿ ಸೀಸದ ಮೊಳೆಗಳನ್ನು ಒಂದೊಂದಾಗಿ ಹೆಕ್ಕಿ ಅಕ್ಷರ ಜೋಡಿಸುವವರು. ಓದು ಬಲ್ಲ ಹುಡುಗಿಯೇ ಬೇಕೆಂದು ಹಟ ಹಿಡಿದು ಲೋಯರ್ ಸೆಕೆಂಡರಿ ಪಾಸಾದ ನಿನ್ನನ್ನು ಕಟ್ಟಿಕೊಂಡಿದ್ದರು. ತಾವು ಜೋಡಿಸಿದ ಲಗ್ನಪತ್ರಿಕೆ, ಹರಿಕಥೆಯ ಕರಪತ್ರ, ಏನೇ ಇರಲಿ, ಒಂದು ಪ್ರತಿ ಮನೆಗೆ ತಂದು ನಿನಗೆ ತೋರಿಸುವರು. ನೀನು ಅದನ್ನು ಮೇಲಿನಿಂದ ಕೆಳಗೆ ನೋಡಿ, “ತುಂಬಾ ಚೆನ್ನಾಗಿದೆ ರೀ” ಎನ್ನುವೆ. ಎರಡು ವರ್ಷ ಅವರು ಹಾಗೆ ತಂದರು, ಎರಡು ವರ್ಷ ನೀನು ಹಾಗೆ ಅಂದೆ.

ನಿನಗೆ ಒಂದಕ್ಷರವೂ ಬರುತ್ತಿರಲಿಲ್ಲ.

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ನಿನ್ನ ಅಪ್ಪ ಹೇಳಿದ್ದು ಒಂದೇ ಸುಳ್ಳು; ಆದರೆ ಹೇಳಿ ಅವರು ಕೆಂಗೇರಿಯ ಆಚೆ ತಮ್ಮ ಹಳ್ಳಿಗೆ ಹೊರಟುಹೋದರು, ದಿನಾ ಅದನ್ನು ಹೊತ್ತುಕೊಂಡು ಓಡಾಡಿದವಳು ನೀನು.

ಇದು ನನಗೆ ತಿಳಿದದ್ದು ನಮ್ಮ ಮಧ್ಯಾಹ್ನದ ಆಟದಿಂದ. ಮಾಗಡಿ ರಸ್ತೆಯ ಟೆಂಟ್ ಸಿನಿಮಾದಲ್ಲಿ ಗೇಟು ಕಾಯುತ್ತಿದ್ದ ನನ್ನ ಸೋದರಮಾವ, ಮಾರಾಟವಾಗದೆ ಉಳಿದ ಹಾಡಿನ ಪುಸ್ತಕಗಳನ್ನು ಒಂದು ತಗಡಿನ ಪೆಟ್ಟಿಗೆಯ ತುಂಬ ತಂದು ಹಾಕಿದ್ದ. ಎಲ್ಲ ಹಳೆಯ ಕಾಲದ ಚಿತ್ರಗಳು, ನಮ್ಮಲ್ಲಿ ಯಾರೂ ನೋಡಿದ್ದಲ್ಲ. ರಟ್ಟು ಹರಿದು ಹೆಸರೂ ಹೋಗಿತ್ತು. ಪ್ರತಿ ಪುಸ್ತಕದ ಮೊದಲ ಪುಟದಲ್ಲಿ ಅರ್ಧ ಕಥೆ ಇರುತ್ತಿತ್ತು. ರಾಜಕುಮಾರಿಯನ್ನು ಸೆರೆಗೆ ಹಾಕಿಸಿ, ರಾಜನನ್ನು ಕಾಡಿಗಟ್ಟಿ, ಸರಿಯಾಗಿ ಅಲ್ಲಿಗೆ ನಿಲ್ಲಿಸಿ, ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿ ಎಂದುಬಿಡುವುದು. ನಮಗೆಲ್ಲಿಯ ಬೆಳ್ಳಿತೆರೆ? ಮಧ್ಯಾಹ್ನ ಅಡುಗೆಮನೆ ಕೆಲಸ ಮುಗಿದ ಮೇಲೆ ನಮ್ಮ ಪಡಸಾಲೆಯಲ್ಲಿ ನಾನು, ನೀನು, ಅಮ್ಮ, ಎದುರುಮನೆಯ ಪುಟ್ಟಮ್ಮತ್ತೆ ಕೂತು ಆಡುತ್ತಿದ್ದೆವು. ಒಬ್ಬರು ಅಚ್ಚಾದಷ್ಟನ್ನು ಗಟ್ಟಿಯಾಗಿ ಓದಬೇಕು. ಆಮೇಲೆ ಪುಸ್ತಕ ಮುಚ್ಚಿ ಮಿಕ್ಕ ಕಥೆಯನ್ನು ತಾವೇ ಕಟ್ಟಿ ಹೇಳಬೇಕು. ಚೆನ್ನಾಗಿ ಸುಳ್ಳು ಹೇಳಿದವರು ಗೆದ್ದ ಹಾಗೆ.

ಮೊದಲ ಸಲ ನಿನ್ನ ಸರದಿ ಬಂದಾಗ ನೀನು ತಲೆನೋವೆಂದು ಎದ್ದು ಹೋದೆ. ಹಿಂದೆಯೇ ಬಂದ ನನ್ನ ಕೈ ಹಿಡಿದು, “ಸರೋಜ, ನಂಗೆ ಓದೋಕೆ ಬರಲ್ಲ ಕಣೇ. ಯಾರಿಗೂ ಹೇಳ್ಬೇಡ. ನಮ್ಮೋರಿಗೆ ಗೊತ್ತಾದ್ರೆ ನಾನು ಸತ್ತಂಗೆ,” ಎಂದೆ. ಅವತ್ತಿನಿಂದ ನಾನು ಬೆಳಿಗ್ಗೆಯೇ ಒಂದು ಪುಸ್ತಕ ಆರಿಸಿ ಆ ಪುಟವನ್ನು ನಿನಗೆ ಓದಿ ಹೇಳುತ್ತಿದ್ದೆ. ಒಂದು ಸಲ ಕೇಳಿದರೆ ಸಾಕು ನಿನಗೆ, ಒಂದು ಮಾತೂ ಬಿಟ್ಟುಹೋಗುತ್ತಿರಲಿಲ್ಲ. ಮಧ್ಯಾಹ್ನ ಅದೇ ಪುಸ್ತಕವನ್ನು ನಾನೇ ನಿನ್ನ ಕೈಗೆ ಕೊಡುತ್ತಿದ್ದೆ. ನೀನು ಪುಟದ ಮೇಲೆ ಬೆರಳಾಡಿಸುತ್ತಾ ಓದುತ್ತಿದ್ದೆ — ಓದಿದ ಹಾಗೆ.

ಆಮೇಲೆ ಪುಸ್ತಕ ಮುಚ್ಚಿದರೆ ಅಲ್ಲಿಂದ ನಿನ್ನ ರಾಜ್ಯ. ನಿನ್ನ ಕಥೆಯಲ್ಲಿ ರಾಕ್ಷಸನಿಗೂ ಒಬ್ಬ ಅತ್ತೆ ಇರುತ್ತಿದ್ದಳು. ಅವಳ ಬಾಯಿಗೆ ಹೆದರಿ ಅವನು ರಾಜಕುಮಾರಿಯನ್ನು ಊರಿಗೆ ಬಿಟ್ಟು ಬರುತ್ತಿದ್ದ. ರಾಜ ಯುದ್ಧಕ್ಕೆ ಹೊರಟು, ಒಲೆಯ ಮೇಲೆ ಹಾಲಿಟ್ಟದ್ದು ನೆನಪಾಗಿ ವಾಪಸು ಬರುತ್ತಿದ್ದ. ಪುಟ್ಟಮ್ಮತ್ತೆ ನಕ್ಕು ನಕ್ಕು ಎಲೆಯಡಿಕೆ ಉಗುಳುವುದಕ್ಕೆ ಹೊರಗೆ ಓಡುತ್ತಿದ್ದರು. ನನ್ನ ಕಥೆಗಳಿಗೆ ಯಾರೂ ಓಡಲಿಲ್ಲ. ಎಲ್ಲರೂ ಮರ್ಯಾದೆಯಿಂದ ಕೂತೇ ಇರುತ್ತಿದ್ದರು.

ನೀನು ಅಕ್ಷರ ಕಲಿಸು ಎಂದೆ. ಬಸಣ್ಣ ಕೆಲಸಕ್ಕೆ ಹೋದ ಮೇಲೆ ಸ್ಲೇಟು ಹಿಡಿದು ಬರುತ್ತಿದ್ದೆ. “ಅವರು ತಂದ ಒಂದು ಲಗ್ನಪತ್ರಿಕೇನಾದ್ರೂ ನಿಜವಾಗಿ ಓದಿ ಚೆನ್ನಾಗಿದೆ ಅನ್ಬೇಕು ಕಣೇ. ಅಷ್ಟೇ ನನ್ನಾಸೆ.” ಮೂರು ತಿಂಗಳಿಗೆ ಅಕ್ಷರಮಾಲೆ ಮುಗಿಯಿತು, ಕಾಗುಣಿತ ಮುಗಿಯಿತು. ಉಳಿದದ್ದು ಒತ್ತಕ್ಷರ. ಅದಿಲ್ಲದೆ ನಿನ್ನ ಹೆಸರನ್ನೇ ಬರೆಯಲಾಗುತ್ತಿರಲಿಲ್ಲ, ಸ್ಲೇಟಿನ ಮೇಲೆ ‘ರತನ’ ಎಂದು ಬರೆದು ನಗುತ್ತಿದ್ದೆ. “ಒತ್ತಕ್ಷರ ಅನ್ನೋ ಮಾತಲ್ಲೇ ಎರಡು ಒತ್ತಕ್ಷರ ಇದೆ, ಅವಸರ ಮಾಡ್ಬೇಡ, ಮುಂದಿನ ತಿಂಗಳು ನೋಡೋಣ,” ಎಂದು ನಾನು ಮುಂದೂಡಿದೆ. ಯಾಕೆ ಮುಂದೂಡಿದೆ? ಆಗ ಕೇಳಿದ್ದರೆ ಕೆಲಸ ಜಾಸ್ತಿ ಎನ್ನುತ್ತಿದ್ದೆ. ಈಗ ಗೊತ್ತು — ಕಥೆ ಹೇಳುವುದರಲ್ಲಿ ನೀನು ನನ್ನನ್ನು ಮೀರಿಸಿಯಾಗಿತ್ತು. ಓದೊಂದಾದರೂ ನನ್ನ ಕೈಯಲ್ಲಿರಲಿ ಎಂದು...

ಆ ಭಾನುವಾರ ಬೆಳಿಗ್ಗೆ ನನ್ನನ್ನು ನೋಡಿ ಹೋಗಿದ್ದ ಗಂಡಿನ ಕಡೆಯವರು ಬೇಡವೆಂದು ಹೇಳಿಕಳಿಸಿದ್ದರು. ಅದು ಮೂರನೆಯ ಸಂಬಂಧ. ಅಮ್ಮ ಸಿಟ್ಟಿನಲ್ಲಿ, “ಅವರ ಮುಂದೆ ಕಂಬದ ಥರ ಕೂತಿದ್ದೆ. ರತ್ನನ್ನ ನೋಡಿ ಕಲಿ. ಓದಿದ ಹುಡುಗಿ ಅಂದ್ರೆ ಹಾಗಿರ್ಬೇಕು,” ಎಂದಳು.

ಓದಿದ ಹುಡುಗಿ! ಎಸ್.ಎಸ್.ಎಲ್.ಸಿ. ಪಾಸಾದವಳು ನಾನು. ಒಂದು ಗಂಟೆಯ ಬಳಿಕ ನೀನು ಬಂದೆ. ನಾನು ಕನ್ನಡದ ಒಂದು ಪುಸ್ತಕದ ಪುಟ ಓದಿ ಹೇಳಿದೆ, ಎಂದಿನಂತೆ. ನೀನು ಹೋದ ಮೇಲೆ ಅದನ್ನು ಪೆಟ್ಟಿಗೆಗೆ ಹಾಕಿ, ತಳದಿಂದ ಇನ್ನೊಂದನ್ನು ತೆಗೆದೆ. ಅದೇ ಅಳತೆ, ಅದೇ ಹಳದಿ ಕಾಗದ. ಟೆಂಟಿನಲ್ಲಿ ತೆಲುಗು ಚಿತ್ರಗಳೂ ಬರುತ್ತಿದ್ದವಲ್ಲ — ಅದು ತೆಲುಗಿನದು. ನಮ್ಮ ಅಕ್ಷರ, ಅವರ ಅಕ್ಷರ ಅಕ್ಕತಂಗಿಯರು. ನಮ್ಮದರ ತಲೆಯ ಮೇಲೆ ಒಂದು ಅಡ್ಡಗೆರೆ, ಅವರದರ ತಲೆಯ ಮೇಲೆ ಒಂದು ಪುಟ್ಟ ಜುಟ್ಟು. ಅಷ್ಟೇ ವ್ಯತ್ಯಾಸ, ಕಂಡೂ ಕಾಣದಷ್ಟು.

ಅಷ್ಟಕ್ಕೇ ನಿಲ್ಲಲಿಲ್ಲ ನಾನು. ಮಧ್ಯಾಹ್ನ ಎಲ್ಲರೂ ಆಟಕ್ಕೆ ಕೂತಾಗ, ಜಗಲಿಯಲ್ಲಿ ಕೂತಿದ್ದ ಬಸಣ್ಣನವರನ್ನು ನಾನೇ ಕರೆದೆ. “ಬನ್ನಿ ಬಸಣ್ಣ, ರತ್ನ ಹೇಗೆ ಓದ್ತಾಳೆ ಕೇಳಿ, ನೀವು ಒಂದು ದಿನಾನೂ ಕೇಳಿಲ್ಲ.” ಅವರು ಸಂಕೋಚದಿಂದ ಬಂದು ಬಾಗಿಲ ಹತ್ತಿರ ಕೂತರು.

ನಾಲ್ಕೈದು ಪುಸ್ತಕಗಳ ಮೇಲಿಟ್ಟು ನಾನು ಕೊಟ್ಟ ಪುಸ್ತಕವನ್ನು ನೀನು ತೆರೆದೆ. ಮೂರು ತಿಂಗಳಲ್ಲಿ ಕಲಿತ ಕಣ್ಣಿಗೆ ಜುಟ್ಟುಗಳು ಕಾಣದೆ ಇರುತ್ತವೆಯೇ? ತಲೆಯೆತ್ತಿ ನನ್ನ ಕಡೆ ನೋಡಿದೆ — ಇದೇನಾ? ಎಂದು. ನಾನು ಹೂಂ ಎಂದು ತಲೆಯಾಡಿಸಿದೆ.

ರತ್ನ, ಪುಸ್ತಕ ಬದಲಿಸಿದ್ದನ್ನು ಹೊಟ್ಟೆಯುರಿ ಎನ್ನಬಹುದು. ಈ ತಲೆಯಾಡಿಸಿದ್ದಕ್ಕೆ ನನ್ನಲ್ಲಿ ಹೆಸರಿಲ್ಲ. ನಿನ್ನ ಕಣ್ಣು ನಿನಗೆ ಸರಿಯಾಗಿಯೇ ಹೇಳಿತ್ತು. ನೀನು ಅದನ್ನು ಬಿಟ್ಟು ನನ್ನನ್ನು ನಂಬಿದೆ.

ನೀನು ಓದಿದೆ. ಎಷ್ಟು ಚೆಂದ ಓದಿದೆ! ಬಸಣ್ಣನವರ ಮುಖ ಅರಳುತ್ತಾ ಹೋಯಿತು. ಕಥೆ ಮುಗಿದ ಮೇಲೆ ಅವರು ಎದ್ದು ಬಂದು, “ಯಾವ ಪ್ರೆಸ್ಸಿಂದು, ನೋಡೋಣ ಕೊಡು,” ಎಂದು ಕೈ ಚಾಚಿದರು. ಅಚ್ಚಿನವರ ಅಭ್ಯಾಸ ಅದು, ಯಾವ ಕಾಗದ ಸಿಕ್ಕಿದರೂ ಮೊದಲು ಕೆಳಗಡೆ ಅಚ್ಚುಕೂಟದ ಹೆಸರು ನೋಡುವುದು. ನೋಡಿದರು. ನಗು ಹಾಗೇ ಇತ್ತು. ಅದನ್ನು ತೆಗೆಯುವುದಕ್ಕೆ ಅವರಿಗೆ ಸ್ವಲ್ಪ ಹೊತ್ತು ಬೇಕಾಯಿತು.

“ಇದು ತೆಲುಗು.”

“ಅಯ್ಯೋ, ನಮ್ಮ ರತ್ನಂಗೆ ತೆಲುಗೂ ಬರುತ್ತಾ!” ಎಂದು ಅಮ್ಮ ನಿಜವಾಗಿಯೂ ಬೆರಗಾದಳು. ಬಸಣ್ಣ ಪೆಟ್ಟಿಗೆಯಿಂದ ಒಂದು ಕನ್ನಡ ಪುಸ್ತಕ ತೆಗೆದು ನಿನ್ನ ಮುಂದಿಟ್ಟರು. “ಇದನ್ನ ಓದು, ರತ್ನ.” ನೀನು ಓದಲು ಹೊರಟೆ — “ರಾ... ಜ... ನ... ಪ... ಪ...” ‘ಪಟ್ಟದ’ ಎಂದಿತ್ತು ಅಲ್ಲಿ. ನಾನು ಕಲಿಸದೆ ಬಿಟ್ಟ ಒತ್ತು. ನಿನ್ನ ಬೆರಳು ಅದರ ಮೇಲೆ ನಿಂತೇ ಇತ್ತು. ಪುಟ್ಟಮ್ಮತ್ತೆ ಸೆರಗು ಸರಿಪಡಿಸಿಕೊಂಡು ಮೆಲ್ಲಗೆ ಎದ್ದು ಹೋದರು. ಅಮ್ಮ ನನ್ನ ಕಡೆ ತಿರುಗಿ, “ನಿಂಗೆ ಗೊತ್ತಿತ್ತೇನೇ?” ಎಂದಳು.

“ನಂಗೇನು ಗೊತ್ತು?” ಎಂದೆ ನಾನು.

ಮರುದಿನ ಬೆಳಿಗ್ಗೆ ಬಸಣ್ಣ ನಿನ್ನನ್ನು ನಿನ್ನಪ್ಪನ ಊರಿಗೆ ಬಿಟ್ಟು ಬರಲು ಹೊರಟರು. ಅವರು ಗೇಟಿನಾಚೆ ನಿಂತಿದ್ದಾಗ ನೀನು ಗಂಟು ಹಿಡಿದು ನಲ್ಲಿಯ ಹತ್ತಿರ ನನ್ನ ಬಳಿ ಬಂದೆ. ಬೈಯಲಿ, ಹೊಡೆಯಲಿ ಎಂದು ಕಾದಿದ್ದೆ. ನೀನು ಕೇಳಿದ್ದು, “ಸರೋಜ, ನೀನು ಎತ್ತಿಟ್ಟಿದ್ದು ಬೇರೆ ಪುಸ್ತಕ ಅಲ್ವಾ? ನಾನೇ ತಾನೇ ತಪ್ಪಿ ಬೇರೇದು ತಗೊಂಡಿದ್ದು?”

ಒಂದೇ ಒಂದು ಮಾತು. ಅಲ್ಲ ಕಣೇ, ನಾನು ಕೊಟ್ಟೆ — ಅಷ್ಟೇ. ಬಸಣ್ಣ ಹತ್ತು ಹೆಜ್ಜೆ ದೂರದಲ್ಲಿದ್ದರು.

“ಹೂಂ ಕಣೇ,” ಎಂದೆ. “ನೀನೇ ತಪ್ಪಿ ತಗೊಂಡೆ.”

ನೀನು ಉಸಿರು ಬಿಟ್ಟೆ. “ಸದ್ಯ. ನೀನಲ್ಲ ಅಂತ ಗೊತ್ತಿತ್ತು, ಸುಮ್ನೆ ಕೇಳ್ದೆ.” ನಿನ್ನ ಗಂಟಿನಿಂದ ಸ್ಲೇಟಿನ ಮೂಲೆ ಹೊರಗೆ ಕಾಣುತ್ತಿತ್ತು.

ಮನೆ ಖಾಲಿ ಮಾಡುವ ದಿನ ಬಸಣ್ಣ ಬೀಗದ ಕೈ ಕೊಡಲು ಬಂದಾಗ ನಾನೊಬ್ಬಳೇ ಇದ್ದೆ. “ಓದು ಬರಲ್ಲ ಅಂದಿದ್ರೆ ನಾನೇ ಕಲಿಸ್ತಿದ್ದೆ ಕಣಮ್ಮ,” ಎಂದರು. “ಎರಡು ವರ್ಷ ನಾನು ತಂದಿದ್ದನ್ನೆಲ್ಲ ನೋಡಿ ಚೆನ್ನಾಗಿದೆ ಅಂದಳಲ್ಲ, ಅದನ್ನ ಹೇಗೆ ನುಂಗ್ಲಿ?” ಸ್ಲೇಟಿನ ಸಂಗತಿ ಆಗಲಾದರೂ ಹೇಳಬೇಕಿತ್ತು — ಅವಳು ಕಲೀತಿದ್ದಳು, ನಿಮಗಾಗಿಯೇ ಕಲೀತಿದ್ದಳು ಎಂದು. ಹೇಳಿದರೆ ಕಲಿಸಿದವಳು ಯಾರು ಎಂದು ಕೇಳುತ್ತಿದ್ದರು. ಬೀಗದ ಕೈ ತೆಗೆದುಕೊಂಡೆ. ಅವರು ನಿನ್ನನ್ನು ಮತ್ತೆ ಕರೆದುಕೊಂಡರೋ ಇಲ್ಲವೋ, ಇವತ್ತಿಗೂ ನನಗೆ ತಿಳಿಯದು.

ಒಂದು ವರ್ಷ ಕಳೆದು ನನ್ನ ಹೆಸರಿಗೆ ಒಂದು ಕಾರ್ಡು ಬಂತು. ವಿಳಾಸ ಬೇರೆ ಯಾರದೋ ಕೈಬರಹ. ಹಿಂದೆ ಪೆನ್ಸಿಲಿನಲ್ಲಿ ದಪ್ಪ ದಪ್ಪ ಅಕ್ಷರ: “ಸರೋಜ, ಈ ಕಾಗದ ನಾನೇ ಬರೆದೆ. ನೀನು ಬರೆದರೆ ನಾನೇ ಓದುವೆ. ರತನ.” ‘ಓದ್ತೀನಿ’ ಎನ್ನಲು ಒತ್ತಕ್ಷರ ಬೇಕು. ಅದಕ್ಕೇ ‘ಓದುವೆ’ ಎಂದು ನಾಟಕದವರ ಹಾಗೆ ಬರೆದಿದ್ದೆ. ಇಡೀ ಕಾರ್ಡಿನಲ್ಲಿ ಒಂದೂ ಒತ್ತಿರಲಿಲ್ಲ. ನಾನು ಕಲಿಸಿದಷ್ಟರಲ್ಲೇ, ನಾನು ನಿಲ್ಲಿಸಿದ ಜಾಗದಲ್ಲೇ ನಿಂತು, ಇರುವ ಅಕ್ಷರಗಳಲ್ಲಿ ಮಾತು ಹುಡುಕಿ ಜೋಡಿಸಿದ್ದೆ.

ಉತ್ತರ ಬರೆಯಲು ಎಷ್ಟೋ ಸಲ ಕೂತೆ. ಕ್ಷೇಮ ಎಂದು ಬರೆದರೆ ಇನ್ನೊಂದು ಸುಳ್ಳು. ನಿಜ ಬರೆದರೆ ನೀನೇ ಓದುವೆ. ನಿನಗೆ ಓದು ಬಾರದಿದ್ದಾಗ ಮೋಸ ಮಾಡಿದೆ, ಓದು ಬಂದಾಗ ಬರೆಯಲು ಹೆದರಿದೆ. ನನಗೆ ಮದುವೆಯಾಯಿತು, ಮಕ್ಕಳಾದವು, ಆ ಮಕ್ಕಳಿಗೆ ಒತ್ತಕ್ಷರ ಕಲಿಸಿದೆ. ಕಾರ್ಡು ಪೆಟ್ಟಿಗೆಯಿಂದ ಪೆಟ್ಟಿಗೆಗೆ ಬಂತು. ಅದಕ್ಕೆ ನಾನು ಉತ್ತರ ಬರೆಯಲೇ ಇಲ್ಲ.

ಇಲ್ಲಿಯವರೆಗೆ ಬರೆದದ್ದರ ತುಂಬ ಒತ್ತಕ್ಷರಗಳೇ ಇವೆ. ಇದು ನಿನಗಾಗಿ ಎಂದುಕೊಂಡು ಶುರುಮಾಡಿದೆ, ನನ್ನ ಸಮಾಧಾನಕ್ಕಾಗಿ ಬರೆದ ಹಾಗಾಯಿತು. ಅದಕ್ಕೇ ಇವತ್ತು ಅಂಚೆಮನೆಯಿಂದ ಒಂದು ಕಾರ್ಡು ತರಿಸಿದೆ. ನಿನ್ನ ಕಾರ್ಡಿನ ಮೇಲಿದ್ದ, ನಿನ್ನಪ್ಪನ ಊರಿನ ಅದೇ ವಿಳಾಸ. ಅಲ್ಲಿ ಈಗ ಯಾರಿದ್ದಾರೋ, ನೀನು ಇದ್ದೀಯೋ ಇಲ್ಲವೋ. ಹಿಂದುಗಡೆ ದಪ್ಪ ಅಕ್ಷರದಲ್ಲಿ, ಒಂದೂ ಒತ್ತಿಲ್ಲದ ಹಾಗೆ ಬರೆದೆ:

“ರತನ, ಮೋಸ ಮಾಡಿದವಳು ನಾನು. ಸರೋಜ.”