ಎಂಟು ಬೆರಳಿನ ಕೀಬೋರ್ಡ್

ನನ್ನ ಕಂಪ್ಯೂಟರ್ ಅಂಗಡಿಗೆ ಬರುವವರು ಬಾಯಿ ತೆರೆಯುವುದೇ "ಸ್ವಲ್ಪ ಕಮ್ಮಿ ಮಾಡಿ" ಎಂದು. ಟೈಪಿಸ್ಟ್ ಅಕ್ಕ ಮಾತ್ರ ಮೊದಲ ದಿನ ಬಲಗೈಯನ್ನು ಮೇಜಿನ ಮೇಲಿಟ್ಟು, "ಇದಕ್ಕೆ ಹೊಂದೋ ಕೀಬೋರ್ಡ್ ಇದ್ಯಾ?" ಎಂದರು. ಬಸ್ಸಿನ ಬಾಗಿಲಿಗೆ ಸಿಕ್ಕಿ ಜಜ್ಜಿಹೋಗಿದ್ದ ಉಂಗುರದ ಬೆರಳು, ಕಿರುಬೆರಳು ಎರಡೂ ಮಡಚಲು ಬಾರದೆ ಸೆಟೆದು ನಿಂತಿದ್ದವು.

"ಎಂಟು ಬೆರಳಿಂದು ಯಾವ ಕಂಪನೀನೂ ಮಾಡಲ್ಲಕ್ಕ."

"ಹತ್ತು ಬೆರಳಿಟ್ಕೊಂಡು ಎರಡರಲ್ಲೇ ಕುಟ್ಟೋರಿಗೆ ಮಾಡ್ತಾರಲ್ಲ, ಸಾಹುಕಾರ್ರೇ!"

ನಾನು ಆಗ ಎರಡು ಬೆರಳಲ್ಲೇ ಬಿಲ್ ಕುಟ್ಟುತ್ತಿದ್ದೆ.

ಗಂಡ ತೀರಿಕೊಂಡ ಮೇಲೆ ಅಕ್ಕ ಒಬ್ಬ ವಕೀಲರ ಕಚೇರಿಯಲ್ಲಿ ಪತ್ರ ಟೈಪ್ ಮಾಡಿಯೇ ಮಗಳನ್ನು ಸಾಕುತ್ತಿದ್ದರು. ಅಕ್ಕನ ಕಚೇರಿಯ ಕಂಪ್ಯೂಟರಿನಲ್ಲೂ ಮನೆಯದರಲ್ಲೂ ಕೀಗಳ ಕೆಲಸವನ್ನೇ ಬದಲಾಯಿಸಿದೆ. ಆ ಎರಡು ಬೆರಳಿನ ಪಾಲಿನ ಅಕ್ಷರಗಳನ್ನು ಎಡಗಡೆಯ ಅಂಕಿಗಳ ಮೇಲೆ ಕೂರಿಸಿದೆ. ಕ್ಯಾಪ್ಸ್‌ಲಾಕಿಗೆ ಹೊಸ ಸಾಲು ತೆರೆಯುವ ಎಂಟರ್ ಕೆಲಸ ಕೊಟ್ಟೆ. ಶಿಫ್ಟನ್ನು ಹಿಡಿದೇ ಇರಬೇಕಿಲ್ಲ, ಒಮ್ಮೆ ಒತ್ತಿ ಬಿಟ್ಟರೆ ಮುಂದಿನ ಅಕ್ಷರಕ್ಕೆ ಕಾಯುತ್ತಿತ್ತು. ಆರು ತಿಂಗಳಲ್ಲಿ ಅಕ್ಕನ ಕೈ ಗಾಳಿಯಂತೆ ಓಡತೊಡಗಿತು. ನಾನೂ ಊರೆಲ್ಲ ಹೇಳಿಕೊಂಡು ತಿರುಗಿದೆ, ವ್ಯಾಪಾರಿ ಅಲ್ಲವೇ.

ಹನ್ನೊಂದು ವರ್ಷ ಹಾಗೇ ನಡೆಯಿತು. ವಕೀಲರು ಕಣ್ಣು ಮುಚ್ಚಿದರು, ಅವರ ಕಚೇರಿ ದೊಡ್ಡ ಕಚೇರಿಯೊಂದರ ಹೊಟ್ಟೆಗೆ ಸೇರಿತು. ಟೈಪಿಂಗ್ ಪರೀಕ್ಷೆ ಪಾಸಾದವರಿಗೆ ಮಾತ್ರ ಟೈಪಿಸ್ಟ್ ಕುರ್ಚಿ ಎಂದರು. ಉಳಿದದ್ದು ಹತ್ತು ದಿನ. ಅಕ್ಕ ನನ್ನ ಅಂಗಡಿಯಲ್ಲೇ ಕೂತು ಮಾಮೂಲಿ ಕೀಬೋರ್ಡಿನ ಮೇಲೆ ಅಭ್ಯಾಸ ಮಾಡಿದರು. ಬೆರಳು ಮಾತು ಕೇಳಲಿಲ್ಲ.

ಪರೀಕ್ಷೆಯ ದಿನ ನಾನೂ ಹೋದೆ. ಬದಲಾಯಿಸಿದ ವಿನ್ಯಾಸ ಪೆನ್‌ಡ್ರೈವಿನಲ್ಲಿತ್ತು.

"ಐದೇ ನಿಮಿಷ ಸಾರ್, ಹಾಕ್ಕೊಡ್ತೀನಿ."

"ಆಗಲ್ಲ ರೀ. ಒಬ್ಬರಿಗೆ ಮಾಡಿದ್ರೆ ಎಲ್ರೂ ಕೇಳ್ತಾರೆ," ಎಂದರು ಮ್ಯಾನೇಜರು.

"ಎಲ್ಲರ ಕೈಯೂ ಬಾಗಿಲಿಗೆ ಸಿಕ್ಕಿಲ್ವಲ್ಲ ಸಾರ್."

"ಬಿಡಿ ಸಾಹುಕಾರ್ರೇ," ಎಂದು ಅಕ್ಕನೇ ನನ್ನನ್ನು ಹಿಂದಕ್ಕೆ ಸರಿಸಿದರು. "ಅವರ ಮನೆ, ಅವರ ಬಾಗಿಲು."

ಮೊದಲ ಸಾಲನ್ನು ನೋಡಿ ನೋಡಿ ಒತ್ತಿದರು. ಗಡಿಯಾರ ಕಂಡ ಕೂಡಲೇ ಕೈ ತನ್ನ ಹಳೆಯ ದಾರಿ ಹಿಡಿಯಿತು. ಅಕ್ಷರ ಇರಬೇಕಾದಲ್ಲಿ ಅಂಕಿ ಬಿದ್ದವು. ಎಂಟರ್ ಎಂದುಕೊಂಡು ಒತ್ತಿದಾಗಲೆಲ್ಲ ಕ್ಯಾಪ್ಸ್‌ಲಾಕಿನ ದೀಪ ಹತ್ತಿ ಆರಿತು. ಹತ್ತು ನಿಮಿಷವೂ ಒಂದೇ ಸಾಲು ಕೊನೆಯಿಲ್ಲದೆ ಹರಿಯಿತು. ಇಡೀ ಕೋಣೆಯಲ್ಲಿ ಅವರದೇ ಅತಿ ವೇಗ.

ಆ ಕೈಯನ್ನು ಒಂದೇ ಯಂತ್ರಕ್ಕೆ ಕಟ್ಟಿಹಾಕಿದವನು ನಾನು. ಮಾಮೂಲಿಯದನ್ನೂ ಅಷ್ಟಿಷ್ಟು ರೂಢಿಯಲ್ಲಿಟ್ಟುಕೊಳ್ಳಿ ಎಂದು ಹನ್ನೊಂದು ವರ್ಷದಲ್ಲಿ ಒಂದು ಸಲವಾದರೂ ಹೇಳಬಹುದಿತ್ತು.

ಮರುದಿನ ಅಕ್ಕ ತಮ್ಮ ಮನೆಯ ಕಂಪ್ಯೂಟರ್ ಹೊರಿಸಿಕೊಂಡು ಬಂದರು.

"ಇದನ್ನ ಮೊದಲಿದ್ದ ಹಾಗೆ ಮಾಡ್ಕೊಡಿ. ಮಗಳು ಕಲೀಬೇಕು."

"ನಿಮಗೆ?"

"ಫೈಲ್ ಕಟ್ಟೋ ಕೆಲಸ ಕೊಟ್ಟಿದ್ದಾರೆ."

ಮಾಡಿಕೊಟ್ಟೆ. ಮೊನ್ನೆ ಆ ಕಚೇರಿಗೆ ಪ್ರಿಂಟರ್ ಒಪ್ಪಿಸಲು ಹೋದಾಗ ಅಕ್ಕ ಕಪಾಟಿನ ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದರು. ಬಲಗೈಯಲ್ಲಿ ದಾರ ಬಿಗಿಯಾಗದೆ, ಗಂಟಿನ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆಯುತ್ತಿದ್ದರು. ನನ್ನನ್ನು ನೋಡಿದರು. ಬಾಯಲ್ಲಿ ದಾರವಿದ್ದುದರಿಂದ ತಲೆ ಮಾತ್ರ ಅಲ್ಲಾಡಿಸಿದರು.