ಮೌಸ್ ಮುಟ್ಟದ ಕಂಪ್ಯೂಟರ್ ಅಂಗಡಿಯವರು

ಗುಂಡ್ಲುಪೇಟೆಯ ಆ ಕಂಪ್ಯೂಟರ್ ಅಂಗಡಿಯವರು ಗಿರಾಕಿಯ ಮೌಸ್ ಮುಟ್ಟುತ್ತಿರಲಿಲ್ಲ. ಕೈ ಹಿಂದೆ ಕಟ್ಟಿ ನಿಂತು, “ನೀನೇ ಒತ್ತು” ಎನ್ನುತ್ತಿದ್ದರು.

ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ನಮ್ಮೂರು ಭೀಮನಬೀಡಿನ ಹುಡುಗಿಯರಿಗೆಂದು ಸ್ಕಾಲರ್‌ಶಿಪ್ ಅರ್ಜಿ ತುಂಬುವ ಬಗೆಯನ್ನು ಬ್ಲಾಗಿನಲ್ಲಿ ಬರೆದಿಟ್ಟಿದ್ದೆ. ಅರ್ಜಿ ಹಾಕಲು ಇನ್ನು ಎರಡೇ ದಿನ ಉಳಿದಿದ್ದಾಗ ಯಾರೋ ಆ ಬ್ಲಾಗನ್ನು ಹ್ಯಾಕ್ ಮಾಡಿದರು. ತೆರೆದರೆ ಜೂಜಿನ ಜಾಹೀರಾತು. ಆ ಅಂಗಡಿಗೆ ಓಡಿದೆ; ಅಂಗಡಿಯವರು ಪರದೆ ನೋಡಿ ಕೇಳಿದರು:

“ಬ್ಲಾಗಿನ ಸಾಫ್ಟ್‌ವೇರ್ ಓಬೀರಾಯನ ಕಾಲದ್ದು. ಯಾಕಮ್ಮಿ ಅಪ್‌ಡೇಟ್ ಮಾಡ್ನಿಲ್ಲ?”

“ಬರ್ದಿದ್ದೆಲ್ಲ ಒಂಟೋದ್ರೆ ಅಂತ ಭಯ ಆಯ್ತು, ಅಣ್ಣ.”

“ಡಿಗ್ರಿ ಮಾಡ್ದೋಳು ಬಟನ್‌ಗೆ ಎದರ್ಕತೀಯಾ! ಮೊದ್ಲು ಕಾಪಿ ತಗೊ, ಆಮ್ಯಾಲೆ ಒತ್ತು.”

ಕಾಪಿ ತೆಗೆದೆ, ಕಳ್ಳ ಫೈಲು ಅಳಿಸಿದೆ, ಅಪ್‌ಡೇಟ್ ಒತ್ತಿದೆ. ನಾನು ಬರೆದದ್ದೆಲ್ಲ ಹಾಗೇ ಉಳಿದಿತ್ತು.

ಅಷ್ಟರಲ್ಲಿ ಅರ್ಜಿ ಹಿಡಿದು ಬಂದ ಹುಡುಗಿಯೊಬ್ಬಳು, “ಆ ಬ್ಲಾಗ್ ಸರಿ ಮಾಡ್ಬುಟ್ರಾ ಅಣ್ಣ?” ಎಂದು ಅಂಗಡಿಯವರನ್ನು ಕೇಳಿದಳು.

“ನನ್ನೇನ್ ಕೇಳೀಯೆ? ಸರಿ ಮಾಡ್ದೋಳು ಇಲ್ಲೇ ಕುಂತವ್ಳೆ ಕಣಮ್ಮಿ.”