ಕಡಬದ ತೋಟದಲ್ಲಿ ಸೀಸದ ಬೂದಿ

ತುಮಕೂರಿನ ಶಿರಾ ಗೇಟ್‌ನಲ್ಲಿ ಮುಖ್ತಾರ್ ಅಹಮದ್ ಅವರ ಬ್ಯಾಟರಿ ಅಂಗಡಿಗೆ ಬೋರ್ಡು ಇರಲಿಲ್ಲ. ಬಾಗಿಲ ಪಕ್ಕದಲ್ಲಿ ಲಾರಿ ಬ್ಯಾಟರಿಗಳ ಖಾಲಿ ಡಬ್ಬಗಳನ್ನು ಆಳೆತ್ತರಕ್ಕೆ ಪೇರಿಸಿಟ್ಟಿದ್ದರು. ಕುಣಿಗಲ್, ಗುಬ್ಬಿ ಕಡೆಯ ಡ್ರೈವರುಗಳಿಗೆ ಅದೇ ಗುರುತು. ಸತ್ತ ಬ್ಯಾಟರಿ ತಂದರೆ ಒಡೆದು, ಒಳಗಿನ ಸೀಸದ ಪ್ಲೇಟು ತೆಗೆದು, ಬೇರೆ ಪ್ಲೇಟು ಕೂರಿಸಿ, ಆಸಿಡ್ ತುಂಬಿ, ಚಾರ್ಜ್ ಮಾಡಿ ಕೊಡುತ್ತಿದ್ದರು. ಗಾಡಿ ಇನ್ನೊಂದು ವರ್ಷ ಓಡುತ್ತಿತ್ತು. ತೆಗೆದ ಪ್ಲೇಟುಗಳನ್ನು ಅಂಗಡಿಯ ಹಿಂದಿನ ಅಂಗಳದಲ್ಲಿ ಕಬ್ಬಿಣದ ಬಾಣಲೆಯಲ್ಲಿಟ್ಟು ಕರಗಿಸಿ, ಗಟ್ಟಿ ಮಾಡಿ ಬೆಂಗಳೂರಿಗೆ ಕಳಿಸುತ್ತಿದ್ದರು.

ಕರಗಿಸುವ ಕೆಲಸ ಅವರಿಗೆ ತಂದೆಯಿಂದ ಬಂದದ್ದು. ತಂದೆ ಕಲಾಯಿ ಹಾಕುವವರು. ತಿದಿ, ತವರ, ನವಸಾಗರದ ಪುಡಿ ಹೊತ್ತು ಊರೂರು ತಿರುಗಿ ಹಿತ್ತಾಳೆ ಪಾತ್ರೆಗಳ ಒಳಮೈಯನ್ನು ಬೆಳ್ಳಗೆ ಮಾಡಿಕೊಡುತ್ತಿದ್ದರು. ನಮ್ಮೂರು ಕಡಬಕ್ಕೂ ವರ್ಷಕ್ಕೆರಡು ಸಲ ಬರುತ್ತಿದ್ದರು. ಬಂದಾಗ ನನ್ನ ಸೋದರಮಾವ ಗುರುಸಿದ್ದಯ್ಯನವರ ಜಗಲಿಯಲ್ಲೇ ಇಳಿದುಕೊಳ್ಳುತ್ತಿದ್ದರು. ಸ್ಟೀಲ್ ಪಾತ್ರೆಗಳು ಬಂದು ಕಲಾಯಿ ಹೋಯಿತು. ಮಗ ಬ್ಯಾಟರಿ ಹಿಡಿದರು. ಎರಡು ಮನೆಗಳ ಬಳಕೆ ಮಾತ್ರ ಹಾಗೇ ಉಳಿಯಿತು.

ಮುಖ್ತಾರ್ ಯಾರನ್ನೂ ಸುಲಭಕ್ಕೆ ನಂಬುವವರಲ್ಲ. ತೂಕ ಬರಲಿ ಎಂದು ಬ್ಯಾಟರಿಯೊಳಗೆ ಮಣ್ಣು ತುಂಬಿ ತರುವವರನ್ನು ಇಪ್ಪತ್ತು ವರ್ಷ ನೋಡಿದ್ದರು. ಯಾರಾದರೂ ನಗುತ್ತಾ ಒಳಗೆ ಬಂದರೆ ಮೊದಲು ಡಬ್ಬವನ್ನು ಬೋರಲು ಹಾಕಿ ನೋಡುತ್ತಿದ್ದರು.

2001ರಲ್ಲಿ ಬ್ಯಾಟರಿಗಳ ಬಗ್ಗೆ ಹೊಸ ನಿಯಮ ಬಂತು. ಹೊಸ ಬ್ಯಾಟರಿ ಮಾರುವ ಡೀಲರೇ ಹಳೆಯದನ್ನು ವಾಪಸ್ ತೆಗೆದುಕೊಳ್ಳಬೇಕು, ಅದು ನೋಂದಣಿ ಮಾಡಿಸಿದ ಕಾರ್ಖಾನೆಗೇ ಹೋಗಬೇಕು. ನಿಯಮ ಕೇಂದ್ರದ್ದು, ನೋಡಿಕೊಳ್ಳುವುದು ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿ. ಒಂದು ವರ್ಷ ಶಿರಾ ಗೇಟ್‌ನಲ್ಲಿ ಏನೂ ಬದಲಾಗಲಿಲ್ಲ. ಮರುವರ್ಷ ದಸರಾ ಮುಗಿದ ವಾರ ಮಂಡಳಿಯ ಅಧಿಕಾರಿಯೊಬ್ಬರು ಬಂದರು. ನೇರ ಅಂಗಳಕ್ಕೆ ಹೋಗಿ ಬಾಣಲೆ ನೋಡಿದರು. ಸುತ್ತ ಮನೆಗಳಿವೆ, ಕರಗಿಸುವುದನ್ನು ಹದಿನೈದು ದಿನದಲ್ಲಿ ನಿಲ್ಲಿಸಬೇಕು ಎಂದು ನೋಟಿಸು ಕೊಟ್ಟು ಹೊರಟರು. ಗದರಲಿಲ್ಲ, ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಮುಖ್ತಾರ್‌ಗೆ ಅನುಮಾನ ಹುಟ್ಟಿದ್ದೇ ಅದರಿಂದ. ಏನೂ ಕೇಳದವರಿಗೆ ಎಲ್ಲ ಮೊದಲೇ ಗೊತ್ತಿರಬೇಕು. ಹಾಗಾದರೆ ಹೇಳಿದವರು ಯಾರು? ಎದುರುಗಡೆ ಕಾಂತೇಶ್ ಎಂಬುವನು ಆ ವರ್ಷವಷ್ಟೇ ಕಂಪನಿ ಬ್ಯಾಟರಿಯ ಡೀಲರ್‌ಶಿಪ್ ತೆಗೆದುಕೊಂಡು ಗಾಜಿನ ಬಾಗಿಲ ಅಂಗಡಿ ಇಟ್ಟಿದ್ದ. ಅವನಿಗೆ ಕೇಳುವ ಹಾಗೆ ಮುಖ್ತಾರ್ ರಸ್ತೆಯಲ್ಲಿ ನಿಂತು ಹೇಳಿದರು:

"ಪರಿಸರ ಪರಿಸರ ಅಂತಾರಲ್ಲ, ಇವರ ಪರಿಸರ ಎಲ್ಲೈತೆ ಗೊತ್ತಾ? ಆ ಗಾಜಿನ ಬಾಗಿಲ ಹಿಂದೆ ಐತೆ."

ಕಾಂತೇಶ್ ಕೂತಲ್ಲಿಂದಲೇ ಉತ್ತರ ಕೊಟ್ಟ. "ನಿಮ್ಮ ಮೇಲೆ ಕಂಪ್ಲೇಂಟ್ ಕೊಡೋಕೆ ನಾನ್ ಯಾಕೆ ಬೇಕು ಸಾಬ್ರೆ? ನಿಮ್ಮ ಹೊಗೆನೇ ಸಾಕು."

ಅಂಗಡಿ ಮುಚ್ಚುವ ಮಾತೇ ಇರಲಿಲ್ಲ. ಕರಗಿಸುವುದನ್ನು ಬೇರೆ ಕಡೆಗೆ ಸಾಗಿಸಿದರಾಯಿತು ಎಂದುಕೊಂಡು ಮುಖ್ತಾರ್ ಕಡಬಕ್ಕೆ ಬಂದರು. ಮಾವನ ತೆಂಗಿನ ತೋಟದ ಮೂಲೆಯಲ್ಲಿ ಪಂಪ್‌ಸೆಟ್ ಮನೆ ಇದೆ. ಅದರ ಹಿಂದೆ ಸ್ವಲ್ಪ ಜಾಗ ಕೇಳಿದರು. ಕೆಟ್ಟದ್ದೇನೂ ಇಲ್ಲವಲ್ಲ ಎಂದು ಮಾವ ವಿಚಾರಿಸಿದರು.

"ಬರೀ ಸೀಸ, ಗುರುಸಿದ್ದಣ್ಣ. ಕೆರೇಲಿ ಮೀನು ಹಿಡಿಯೋರು ಬಲೆಗೆ ಕಟ್ತಾರಲ್ಲ, ಅದೇ. ಏನೂ ಆಗಲ್ಲ."

ಕಲಾಯಿಯವರ ಮಗ ಎಂಬ ವಿಶ್ವಾಸಕ್ಕೆ ಮಾವ ಒಪ್ಪಿದರು, ಬಾಡಿಗೆ ಬೇಡವೆಂದರು. ಮುಖ್ತಾರ್ ಅವರ ಹೆಂಡತಿ ಸಲೀಮಾ ಮಾತ್ರ, ಊರು ಬಿಟ್ಟು ತೋಟಕ್ಕೆ ಹೋದರೆ ಹೊಗೆ ಒಳ್ಳೆಯದಾಗಿಬಿಡುತ್ತದೆಯೇ ಎಂದು ಕೇಳಿದರಂತೆ.

ಸೋಮವಾರ, ಗುರುವಾರ ಸ್ಕೂಟರಿನಲ್ಲಿ ಪ್ಲೇಟುಗಳ ಮೂಟೆ ಹಾಕಿಕೊಂಡು ಬರುತ್ತಿದ್ದರು. ಚಿಪ್ಪಿನ ಇದ್ದಿಲು ಊದಿ ಕರಗಿಸಿದಾಗ ಮೇಲೆ ತೇಲುವ ಬೂದು ಬಣ್ಣದ ಕಸವನ್ನು ಸೌಟಿನಿಂದ ತೆಗೆದು ಪಂಪ್‌ಸೆಟ್ ಮನೆಯ ಗೋಡೆಯ ಬುಡಕ್ಕೆ ಸುರಿಯುತ್ತಿದ್ದರು. ತಣ್ಣಗಾದರೆ ಅದು ಒಲೆಯ ಬೂದಿಯ ಹಾಗೇ ಪುಡಿ. ಅದರಲ್ಲೂ ಸೀಸ ಉಳಿದಿರುವುದರಿಂದ ಒಂದು ಲೋಡ್ ಆದಮೇಲೆ ಕೊಳ್ಳುವವರಿದ್ದರು.

ಸಂಕ್ರಾಂತಿಯ ಹೊತ್ತಿಗೆ ಗುಡ್ಡೆ ಬೆಳೆಯುವ ಬದಲು ಕರಗುತ್ತಿರುವಂತೆ ಅವರಿಗೆ ಕಂಡಿತು. ಗಾಳಿಗಿರಬಹುದು ಅಂದುಕೊಂಡರು. ಮುಂದಿನ ವಾರ ಒಂದು ಬದಿಯಲ್ಲಿ ಅಂಗೈಯಲ್ಲಿ ಬಾಚಿದ ಗುರುತು ಇತ್ತು. ಮಂಡಳಿಯವರು ಪರೀಕ್ಷೆಗೆ ಕಳಿಸಲು ಯಾರಿಂದಲೋ ಬೂದಿ ತರಿಸಿಕೊಳ್ಳುತ್ತಿದ್ದಾರೆ ಎಂದು ಅವರಿಗೆ ಖಾತ್ರಿಯಾಯಿತು. ಈ ಸಲ ನೋಟಿಸಲ್ಲ, ಕೇಸು, ಅಂಗಡಿಯೂ ಹೋಗುತ್ತದೆ. ಕಾಂತೇಶ್ ಕಡಬದವರೆಗೆ ಕೈ ಚಾಚಿದನೇ? ಕೆರೆಯ ಮೀನಿನವರೇ? ಕೊನೆಗೆ ಬಾಡಿಗೆ ಬೇಡವೆಂದ ಗುರುಸಿದ್ದಯ್ಯನವರ ಮೇಲೂ ಅನುಮಾನ ಹೋಯಿತು. ಬಿಟ್ಟಿ ಜಾಗ ಯಾರು ಕೊಡುತ್ತಾರೆ?

ಗುಡ್ಡೆಯ ಸುತ್ತ ಬ್ಯಾಟರಿ ಮುಚ್ಚಳ ಒತ್ತಿ ಅಚ್ಚು ಮೂಡಿಸಿ ಹೋದರು. ಮಾವ ಅದನ್ನು ಕಂಡು, "ಏನ್ ಸಾಬ್ರೆ, ಕಣದಲ್ಲಿ ರಾಗಿ ರಾಶಿಗೆ ಹಾಕೋ ಹಂಗೆ ಗುರ್ತು ಹಾಕಿದೀರಲ್ಲ. ನಿಮ್ಮ ಬೂದೀನ ಯಾರು ಮುದ್ದೆ ಕಟ್ಟಿ ಉಣ್ತಾರೆ?" ಎಂದು ನಕ್ಕರು. ಆ ನಗುವೂ ಮುಖ್ತಾರ್‌ಗೆ ಸರಿ ಕಾಣಲಿಲ್ಲ. ಗುರುವಾರ ಬಂದಾಗ ಎರಡು ಅಚ್ಚು ಅಳಿಸಿದ್ದವು.

ಶನಿವಾರ, ಬರುವ ದಿನವಲ್ಲದ ದಿನ, ಸ್ಕೂಟರನ್ನು ಬಸ್ ನಿಲ್ಲುವ ಕಡೆ ಬಿಟ್ಟು ಕೆರೆ ಏರಿಯ ಮೇಲೆ ನಡೆದು ಬಂದು ಪಂಪ್‌ಸೆಟ್ ಮನೆಯೊಳಗೆ ಕೂತರು. ಮಧ್ಯಾಹ್ನ ಮೂರರ ಸುಮಾರಿಗೆ ಹೆಜ್ಜೆ ಸದ್ದಾಯಿತು. ಬಂದದ್ದು ಗುರುಸಿದ್ದಯ್ಯನವರ ಹೆಂಡತಿ, ನಮ್ಮ ಅತ್ತೆ ಪುಟ್ಟತಾಯಮ್ಮ. ಕುಕ್ಕೆಯೊಂದಕ್ಕೆ ನಾಲ್ಕು ಬೊಗಸೆ ಬೂದಿ ತುಂಬಿ, ಏನೋ ಗುನುಗುತ್ತಾ ಮನೆಯ ಹಿತ್ತಲಿಗೆ ಹೋದರು. ಮುಖ್ತಾರ್ ದೂರದಿಂದ ಹಿಂಬಾಲಿಸಿದರು. ಅತ್ತೆ ಅರ್ಧ ಬೂದಿಯನ್ನು ಹೇನು ಬಿದ್ದಿದ್ದ ಚಪ್ಪರದವರೆ ಬಳ್ಳಿಗೆ ಎರಚಿದರು. ಉಳಿದದ್ದನ್ನು ಬಟ್ಟಲಲ್ಲಿ ಹಾಕಿಕೊಂಡು ಕಲ್ಲಿನ ಮೇಲೆ ಕೂತು, ಹುಣಸೆಹಣ್ಣಿನ ಜೊತೆ ಹಿತ್ತಾಳೆ ಚೊಂಬು, ಊಟದ ತಟ್ಟೆಗಳನ್ನು ತಿಕ್ಕತೊಡಗಿದರು.

ಮೊದಲು ತಮಗೆ ಸಮಾಧಾನವೇ ಆಯಿತೆಂದು ಮುಖ್ತಾರ್ ನನ್ನ ಹತ್ತಿರ ಹೇಳಿದ್ದಾರೆ. ಮಂಡಳಿ ಇಲ್ಲ, ಕಾಂತೇಶ್ ಇಲ್ಲ, ಕೇಸಿಲ್ಲ. ಹಾಗೇ ಹಿಂದಿರುಗಿದ್ದರೆ ಆಗುತ್ತಿತ್ತು. ಅಷ್ಟರಲ್ಲಿ ಅತ್ತೆ ಅವರನ್ನು ಕಂಡು, ಇದೇನು ಇವತ್ತು ಬಂದಿರಿ ಎಂದು ಕರೆದು ಕೂರಿಸಿ, ಆಗತಾನೆ ತೊಳೆದ ಚೊಂಬಿನಲ್ಲಿ ಮಜ್ಜಿಗೆ ತಂದುಕೊಟ್ಟರು. ಅವರು ಅದನ್ನು ಹಿಡಿದುಕೊಂಡು ಕೂತರೇ ಹೊರತು ಕುಡಿಯಲಿಲ್ಲ.

"ಅಮ್ಮ, ಈ ಬೂದಿ ಎಷ್ಟು ದಿನದಿಂದ ತರ್ತಿದೀರ?"

"ಹಬ್ಬಕ್ಕೆ ಮುಂಚಿಂದ. ಯಾಕ್ ಸಾಬ್ರೆ, ಕದ್ದೆ ಅಂತೀರಾ? ನಿಮ್ಮಪ್ಪಾರು ಪಾತ್ರೆಗೆ ಹಾಕ್ತಿದ್ರಲ್ಲ ಪುಡಿ, ಅದೇ ಥರದ್ದು ಅನ್ಕಂಡೆ. ನೋಡಿ, ಹೆಂಗ್ ಹೊಳೀತದೆ."

"ಇದು ಆ ಪುಡಿ ಅಲ್ಲ. ವಿಷ."

ಅತ್ತೆ ನಕ್ಕುಬಿಟ್ಟರು. "ಬೂದಿಗೂ ಗಿರಾಕಿ ಸಿಕ್ಕವ್ನೆ ಅನ್ನಿ. ಬೇಕಾದ್ರೆ ನಿಮ್ದು ನೀವು ತಗೊಂಡ್ ಹೋಗಿ. ಅದಕ್ಕೆ ಸುಳ್ಯಾಕೆ?"

ಬೂದಿಗೆ ಗಿರಾಕಿ ಇದ್ದದ್ದೇನೋ ನಿಜ. ಮಾತು ಕೇಳಿ ಮಾವನೂ ಹಿತ್ತಲಿಗೆ ಬಂದರು. ಬಲೆಗೆ ಕಟ್ಟುವ ಸೀಸ ಎಂದು ಹೇಳಿದವರು ನೀವೇ ತಾನೇ, ಈಗ ಹೇಗೆ ವಿಷವಾಯಿತು ಎಂದು ಕೇಳಿದರು. ಒಂದು ಹಿಡಿ ಬೂದಿಗೆ ಹೀಗೆ ಹೆದರಿಸುವ ಮನುಷ್ಯ ತಮ್ಮಿಂದ ಇನ್ನೇನು ಮುಚ್ಚಿಟ್ಟಿದ್ದಾನೋ ಎಂಬ ಅನುಮಾನ ಅವರ ಮುಖದಲ್ಲೇ ಇತ್ತು.

ನಂಬಿಸಲು ಮುಖ್ತಾರ್ ಹತ್ತಿರ ಒಂದೇ ಮಾತಿತ್ತು, ಅದನ್ನು ಅವರು ಹೆಂಡತಿಗೂ ಹೇಳಿರಲಿಲ್ಲ. ಎರಡು ವರ್ಷದ ಹಿಂದೆ ಹೊಟ್ಟೆನೋವು ತಡೆಯಲಾರದೆ ಬೆಂಗಳೂರಿನ ಆಸ್ಪತ್ರೆಗೆ ಹೋಗಿದ್ದರು. ರಕ್ತ ಪರೀಕ್ಷೆ ಮಾಡಿದ ಡಾಕ್ಟರು ಮೊದಲು ಕೇಳಿದ್ದು ಏನು ಕೆಲಸ ಮಾಡುತ್ತೀರಿ ಎಂದು. ಆ ಡಾಕ್ಟರನ್ನೂ ಅವರು ನಂಬಿರಲಿಲ್ಲ. ಚೀಟಿಯನ್ನು ಹರಿದು ಬಸ್ಸಿನ ಕಿಟಕಿಯಿಂದ ಎಸೆದು ಬಂದಿದ್ದರು.

"ನನ್ನ ರಕ್ತದಲ್ಲಿ ಸೀಸ ಐತೆ, ಗುರುಸಿದ್ದಣ್ಣ. ಡಾಕ್ಟ್ರು ಅವತ್ತೇ ಹೇಳಿದ್ರು, ಕೆಲಸ ಬಿಡು, ಮಕ್ಕಳ ಹತ್ರ ಇದನ್ನ ಇಡಬೇಡ ಅಂತ."

ಅತ್ತೆ ತಿಕ್ಕುತ್ತಿದ್ದ ತಟ್ಟೆಯನ್ನು ಕೆಳಗಿಟ್ಟರು.

"ಗೊತ್ತಿದ್ದೂ ತಂದು ನಮ್ಮ ತೋಟಕ್ಕೆ ಹಾಕಿದ್ರಾ?"

ಅತ್ತೆ ಮುಖ್ತಾರ್ ಕೈಯಿಂದ ಚೊಂಬು ತೆಗೆದುಕೊಂಡು ಮಜ್ಜಿಗೆಯನ್ನು ಚೆಲ್ಲಿದರು. ಆಮೇಲೆ ಎದ್ದು, ಕಾಯಿ ತುಂಬಿದ್ದ ಅವರೆ ಬಳ್ಳಿಯನ್ನು ಬುಡಸಮೇತ ಕಿತ್ತು ಹಾಕಿದರು. ಮಾವ ಬೀದಿ ಬಾಗಿಲು ತೆರೆದು ನಿಂತರು.

ಸೋಮವಾರ ಮುಖ್ತಾರ್ ತುಮಕೂರಿನ ಮಂಡಳಿ ಕಚೇರಿಗೆ ತಾವಾಗಿಯೇ ಹೋದರು. ಅಕ್ರಮವಾಗಿ ಸೀಸ ಕರಗಿಸಿದ ಕಸ ಒಂದು ತೋಟದಲ್ಲಿ ಬಿದ್ದಿದೆ, ತೆಗೆಸಬೇಕು ಎಂದರು. ಅಲ್ಲಿದ್ದ ಗುಮಾಸ್ತರು ಅವರನ್ನು ಮೇಲಿಂದ ಕೆಳಗೆ ನೋಡಿ, ಇದು ಯಾರ ಮೇಲಿನ ದ್ವೇಷ ಎಂದು ಕೇಳಿದರಂತೆ. ಕರಗಿಸಿದ್ದು ನಾನೇ ಎಂದರೂ ಅವರು ನಂಬಲಿಲ್ಲ. ಯಾರನ್ನೋ ಉಳಿಸಲು ಬಂದಿದ್ದಾನೆ ಅಂದುಕೊಂಡರು. ತೋಟದ ಯಜಮಾನರಿಗೆ ಇದರ ವಿಷಯ ಏನೂ ಗೊತ್ತಿರಲಿಲ್ಲ, ಸುಳ್ಳು ಹೇಳಿ ಜಾಗ ಪಡೆದೆ ಎಂದು ಕನ್ನಡದಲ್ಲಿ ಬರೆದು ಸಹಿ ಹಾಕಿದ ಮೇಲೆ, ಹಿಂದೆ ನೋಟಿಸು ಕೊಟ್ಟಿದ್ದ ಅದೇ ಅಧಿಕಾರಿಯನ್ನು ಕರೆಸಿದರು. ಈ ಸಲ ಅಧಿಕಾರಿ ಬಹಳ ಪ್ರಶ್ನೆ ಕೇಳಿದರು. ಆ ಮನೆಯಲ್ಲಿ ಉಣ್ಣುವವರು ಎಷ್ಟು ಜನ ಎಂಬುದೇ ಮೊದಲನೆಯದು.

ಅತ್ತೆ, ಮಾವ ಇಬ್ಬರಿಗೂ ಬೆಂಗಳೂರಿನಲ್ಲಿ ಪರೀಕ್ಷೆಯಾಯಿತು. ಅತ್ತೆಯ ರಕ್ತದಲ್ಲಿ ಸೀಸ ಸಿಕ್ಕಿತು. ಇಳಿಯುತ್ತದೆ, ಆರು ತಿಂಗಳು ಬಿಟ್ಟು ಮತ್ತೆ ಬನ್ನಿ ಎಂದು ಡಾಕ್ಟರು ಹೇಳಿದರು. ಆ ಆರು ತಿಂಗಳು ತಲೆ ನೋಯಲಿ, ಕಾಲು ಸೆಳೆಯಲಿ, ಇದು ಅದೇ ಇರಬೇಕು ಎಂದು ಅತ್ತೆ ಕೂತುಬಿಡುತ್ತಿದ್ದರು. ಮುಖ್ತಾರ್‌ಗೆ ದಂಡ ಬಿತ್ತು. ಹಳೆ ಬ್ಯಾಟರಿ ಒಡೆಯುವುದು ನಿಂತು ಅಂಗಡಿಯಲ್ಲಿ ಚಾರ್ಜಿಂಗ್, ವೈರಿಂಗ್ ಮಾತ್ರ ಉಳಿಯಿತು. ಕಾಯಿದೆ ದೊಡ್ಡ ಕಂಪನಿಗಳಿಗೆ ಅನುಕೂಲ ಮಾಡಿಕೊಡಲೆಂದೇ ಬಂದದ್ದು ಎಂಬ ಮಾತನ್ನು ಅವರು ಇವತ್ತಿಗೂ ಬಿಟ್ಟಿಲ್ಲ.

ಕಸ ಒಯ್ಯಲು ಕಾರ್ಖಾನೆಯ ಲಾರಿ ಕಡಬಕ್ಕೆ ಬಂದ ದಿನ ನಾನೂ ತೋಟದಲ್ಲಿದ್ದೆ. ಬೂದಿಯ ಗುಡ್ಡೆಯನ್ನು ಚೀಲಕ್ಕೆ ತುಂಬಿ, ಅದರ ಕೆಳಗಿನ ಮಣ್ಣನ್ನೂ ಒಂದು ಮೊಳ ಅಗೆದರು. ಬಾಯಿಗೆ ಬಟ್ಟೆ ಕಟ್ಟಿಕೊಂಡಿದ್ದ ಆಳುಗಳು ಸಾಕು ಎಂದು ಹಾರೆ ಇಟ್ಟರು. ಅಧಿಕಾರಿಯೂ ಸಾಕು ಎಂದರು. ಮಾವ ಗುಂಡಿಯ ಅಂಚಿಗೆ ಬಂದು ಬಗ್ಗಿ ನೋಡಿದರು.

"ಇನ್ನೊಂದು ಮೊಳ ತೋಡ್ಸಿ. ಸಾಕು ಅಂತ ಇವರು ಹೇಳಿದ್ರೆ ನಾನು ನಂಬೋದು ಹೆಂಗೆ?"

ಆಳುಗಳು ಅಧಿಕಾರಿಯ ಮುಖ ನೋಡಿದರು. ಬೇಲಿಯ ಹತ್ತಿರ ದೂರ ನಿಂತಿದ್ದ ಮುಖ್ತಾರ್ ಬಂದು, ಯಾರನ್ನೂ ಕೇಳದೆ, ಹಾರೆ ಎತ್ತಿಕೊಂಡು ಗುಂಡಿಗೆ ಇಳಿದರು.